ಹಂಪಿ ಮುಂದೆ ಅದೇನು ಮಹಾ

ಟೆಕ್ಸಸ್‌ನ ಕಾಪೆಲ್ ಎಂಬ ಊರಿನ ಕನ್ನಡದವರಲ್ಲಿ ಒಂದು ಪದ್ಧತಿ ಇದೆ. ಯಾರೇ ಪರದೇಶ ಸುತ್ತಿ ಬಂದರೂ ಮುಂದಿನ ಪಾಟ್‌ಲಕ್‌ನಲ್ಲಿ, ಅಂದರೆ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟದಲ್ಲಿ, ಟೀವಿಗೆ ಫೋನು ಸಿಕ್ಕಿಸಿ, ಫೋಟೊ ತೋರಿಸಿ, ಭಾಷಣ ಬಿಗಿಯಬೇಕು. ಬಿಸಿಬೇಳೆಬಾತ್ ಆರಿ ಕಲ್ಲಾದರೂ ಸರಿಯೇ. ಈ ವಿದ್ಯೆಯಲ್ಲಿ ಉದಯಶಂಕರ ರಾಯರನ್ನು ಮೀರಿಸುವವರಿಲ್ಲ. ಹ್ಯೂಸ್ಟನ್ನಿನಲ್ಲಿ ಪೈಪ್‌ಲೈನ್ ಇಂಜಿನಿಯರಾಗಿದ್ದು, ರಿಟೈರ್ ಆದಮೇಲೆ ಮಗನ ಮನೆ ಹತ್ತಿರವಿರಲಿ ಅಂತ ಇಲ್ಲಿಗೆ ಶಿಫ್ಟ್ ಆದವರು. ಯಾವ ದೇಶಕ್ಕೆ ಹೋಗಿಬಂದರೂ ಅವರ ತೀರ್ಪು ಒಂದೇ: ನಮ್ಮ ಹಂಪಿ ಮುಂದೆ ಅದೇನು ಮಹಾ. ರೋಮಿಗೂ ಅದೇ, ಪೆರುವಿಗೂ ಅದೇ.

ಆ ಮಾತು ಬಂದಾಗಲೆಲ್ಲ ಹೆಂಡತಿ ಅಹಲ್ಯಾ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಯಾಕೆಂದರೆ ಈ ಮಹಾನುಭಾವರು ಹಂಪಿಯ ಮುಖ ಕಂಡವರೇ ಅಲ್ಲ. ಇಂಡಿಯಾಗೆ ಹೋದಾಗಲೆಲ್ಲ ಮೈಸೂರಿನ ಹಲ್ಲಿನ ಡಾಕ್ಟರು, ಬ್ಯಾಂಕಿನ ಕೆವೈಸಿ, ಯಾರದೋ ಮದುವೆ, ಇನ್ಯಾರದೋ ಗೃಹಪ್ರವೇಶ; ಅಷ್ಟರಲ್ಲಿ ರಜ ಮುಗಿಯುತ್ತಿತ್ತು. ಹಂಪಿಗೆ ಹೋಗೋಣ ಅಂದರೆ ಆ ಬಿಸಿಲಲ್ಲಿ ಯಾರು ಸಾಯ್ತಾರೆ ಅನ್ನುತ್ತಿದ್ದರು. ಗಂಡನ ಮಾನ ಹೆಂಡತಿ ಕಾಯಬೇಕಲ್ಲ, ಪಾಪ, ಕಾಯುತ್ತಾ ಬಂದಳು.

ಅಹಲ್ಯಾಗೆ ಇದ್ದದ್ದು ಅಥೆನ್ಸ್ ಹುಚ್ಚು. ಮದುವೆಗೆ ಮುಂಚೆ ಮೈಸೂರಿನ ಹೈಸ್ಕೂಲೊಂದರಲ್ಲಿ ಇತಿಹಾಸದ ಮೇಡಂ ಆಗಿದ್ದವಳು. ಅಥೆನ್ಸಿನ ಬೆಟ್ಟದ ಮೇಲಿನ ಹಳೇ ಗ್ರೀಕ್ ದೇವಸ್ಥಾನವನ್ನು ಬೋರ್ಡಿನ ಮೇಲೆ ಬರೆದು, ಕಂಬಗಳ ಹೊಟ್ಟೆ ಬೇಕೆಂದೇ ಒಂಚೂರು ಉಬ್ಬಿಸಿದ್ದಾರೆ, ದೂರದಿಂದ ನೆಟ್ಟಗೆ ಕಾಣಲಿ ಅಂತ, ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದಳು. ತಾನೇ ನೋಡದ್ದನ್ನು ಕಂಡವಳ ಹಾಗೆ ಹೇಳಿದೆನಲ್ಲ ಎಂಬ ಕೊರೆತ ಅವಳಿಗೆ ಹೋಗಿರಲಿಲ್ಲ. ಆ ಉಬ್ಬನ್ನು ಒಂದು ಸಲ ಹತ್ತಿರ ನಿಂತು ನೋಡಬೇಕು, ಇಷ್ಟೇ ಆಸೆ. ಮಕ್ಕಳ ಸ್ಕೂಲು, ಮೊಮ್ಮಕ್ಕಳ ಸ್ಕೂಲು, ಎಲ್ಲ ಡ್ರೈವ್ ಮಾಡಿ ಮುಗಿಸಿ, ಈ ವರ್ಷ ಮೇ ತಿಂಗಳಲ್ಲಿ ಅಂತೂ ಹೊರಟಳು.

ರಾಯರಿಗೆ ಏರ್‌ಪೋರ್ಟಿನಿಂದಲೇ ತಾತ್ಸಾರ ಶುರು. ಗೋಡೆ ತುಂಬಾ ಗೀಚಿದ್ದಾರೆ, ಫುಟ್‌ಪಾತ್ ಮೇಲೆ ಸ್ಕೂಟರು ನಿಲ್ಲಿಸಿದ್ದಾರೆ, ಇದೆಂಥ ಯೂರೋಪು, ಇದಕ್ಕಿಂತ ಚಿಕ್ಕಪೇಟೆ ವಾಸಿ. ಕತ್ತಲಾದರೆ ಹೋಟೆಲಿನ ಕೆಳಗಿನ ಗಲ್ಲಿಯಲ್ಲಿ ಮೇಜು ಕುರ್ಚಿ ಹಾಕಿ, ಹಾಡಿಕೊಂಡು, ಮುದುಕ ಮುದುಕಿಯರು ಕೂಡ ನಗುತ್ತಾ ಕೂತಿರುತ್ತಿದ್ದರು. ಇವರಿಗೆಲ್ಲ ನಾಳೆ ಕೆಲಸ ಇಲ್ಲವಾ ಎಂದು, ತಮಗೇ ಕೆಲಸವಿಲ್ಲದ ರಾಯರು, ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದರು. ಅಹಲ್ಯಾ ಒಬ್ಬಳೇ ಕೆಳಗಿಳಿದು ನಿಂಬೆ ಶರಬತ್ತು ತರಿಸಿಕೊಂಡು ಕೂತಳು. ಬೆಟ್ಟದ ಮೇಲೆ ದೀಪ ಹಾಕಿದ ಕಂಬಗಳು ಕಾಣುತ್ತಿದ್ದವು. ಅಷ್ಟು ದೂರದಿಂದ ಎಲ್ಲ ನೆಟ್ಟಗೇ ಇದ್ದವು.

ಬೆಟ್ಟವನ್ನು ಕೊನೆಯ ದಿನಕ್ಕೆ ತಳ್ಳಿದವರೂ ರಾಯರೇ. ಪ್ಯಾಕೇಜಿನಲ್ಲಿ ಪುಕ್ಕಟೆ ಬಂದಿದ್ದ ದೋಣಿ ವಿಹಾರ ಮೊದಲು ಆಗಬೇಕಿತ್ತು. ಆ ಕೊನೆಯ ಬೆಳಗ್ಗೆ ಅಹಲ್ಯಾ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೇ ಒಳಗೆ ಹೋಗಬೇಕು, ತಪ್ಪಿದರೆ ಬಿಡುವುದಿಲ್ಲ. ರಾಯರು ಮಾತ್ರ ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋಗಲು ಮೊಸರನ್ನ ಬೇಕೇ ಬೇಕು ಎಂದು ಹಟ ಹಿಡಿದರು. ಅದಕ್ಕೆಂದೇ ಟೆಕ್ಸಸ್‌ನಿಂದ ರೈಸ್ ಕುಕ್ಕರು, ಕರೆಂಟ್ ಒಲೆ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಎಲ್ಲ ಬಂದಿತ್ತು. ರೂಮಿನಲ್ಲಿ ಅಡುಗೆ ಮಾಡಕೂಡದು ಅಂತ ಬೋರ್ಡಿತ್ತು. ಅದಕ್ಕೆ ಇಂಜಿನಿಯರ್ ಸಾಹೇಬರು ಸೂರಿನ ಹೊಗೆ ಅಲಾರಮ್ಮಿಗೆ ಸ್ನಾನದ ಟೋಪಿ ತೊಡಿಸಿದರು. ಒಗ್ಗರಣೆ ಬೇಡ ರೀ, ಹಾಗೇ ತಿನ್ನೋಣ ಎಂದು ಅಹಲ್ಯಾ ಬೇಡಿಕೊಂಡಳು. ಒಗ್ಗರಣೆ ಇಲ್ಲದ್ದನ್ನ ನಾಯಿ ತಿನ್ನುತ್ತೆ ಅಂದರು. ಉತ್ತರನ ಪೌರುಷ ಒಲೆ ಮುಂದೆ, ಸುಳ್ಳಲ್ಲ. ಮೆಣಸಿನಕಾಯಿ ಸೀದು, ಘಾಟು ಬಾಗಿಲ ಸಂದಿಯಿಂದ ಹೊರಗೆ ನುಗ್ಗಿ, ಕಾರಿಡಾರಿನ ಅಲಾರಂ ಕಿರುಚಿಕೊಂಡಿತು. ಇಡೀ ಹೋಟೆಲು ಕೆಮ್ಮುತ್ತಾ, ಮಲಗಿದ ಬಟ್ಟೆಯಲ್ಲೇ ಬೀದಿಗೆ ಬಂತು. ಫೈರ್ ಎಂಜಿನ್ನಿನವರಿಗೆ ರಾಯರು ಸಮಜಾಯಿಷಿ ಕೊಟ್ಟು ಮುಗಿಸುವಷ್ಟರಲ್ಲಿ ಬೆಟ್ಟದ ಹೊತ್ತು ಮೀರಿತ್ತು. ಆ ದಿನದ ಮಿಕ್ಕ ಟಿಕೆಟ್ಟೂ ಖಾಲಿ, ಮಾರನೆಯ ಬೆಳಗ್ಗೆ ವಿಮಾನ.

ಬೆಟ್ಟದ ಬುಡದಲ್ಲಿ ಬೇಲಿ ಹಿಡಿದು ಅಹಲ್ಯಾ ಅತ್ತಳು. ಪಕ್ಕದಲ್ಲಿ ನಿಂತು ರಾಯರು ಸಮಾಧಾನ ಮಾಡಿದ ಪರಿ ಇದು: “ಬಿಡೇ ಅತ್ಲಾಗೆ. ಒಡೆದ ಕಲ್ಲು. ನಮ್ಮ ಹಂಪಿ ಮುಂದೆ ಅದೇನು ಮಹಾ.”

ಮುಂದಿನ ಶನಿವಾರ ಮಧುರಾ ಎಂಬ ಮಗಳ ವಯಸ್ಸಿನವಳ ಮನೆಯಲ್ಲಿ ಪಾಟ್‌ಲಕ್. ಬುಡದಿಂದ ತೆಗೆದ ಫೋಟೊಗಳನ್ನೇ ದೊಡ್ಡದು ಮಾಡಿ ರಾಯರು ತೋರಿಸಿದರು. ಮೇಲೆ ಹತ್ತಿದ ಸುಸ್ತು ವರ್ಣಿಸಿದರು, ಕಂಬಗಳಿಗೆ ಮಾರ್ಕು ಕಡಿಮೆ ಕೊಟ್ಟರು, ಕೊನೆಗೆ ಹಂಪಿ ತಂದರು. ಅಹಲ್ಯಾ ಈ ಸಲ ಎದ್ದು ಹೋಗಲಿಲ್ಲ. ಮಧುರಾಗೆ ಡಿಸೆಂಬರಿನಲ್ಲಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುವ ಯೋಚನೆಯಿತ್ತು. ಅಂಕಲ್, ನೀವು ಅಲ್ಲಿ ಎಲ್ಲಿ ಉಳಿದುಕೊಂಡಿದ್ರಿ, ಮೊದಲು ಏನು ನೋಡಬೇಕು ಎಂದು ಕೇಳಿದಳು.

ರಾಯರು ಗಂಟಲು ಸರಿಮಾಡಿಕೊಂಡು, ಕಾಪಾಡು ಎಂಬಂತೆ ಹೆಂಡತಿಯ ಮುಖ ನೋಡಿದರು.

“ಅವರು ಹಂಪಿ ನೋಡಿಲ್ಲಮ್ಮ,” ಎಂದಳು ಅಹಲ್ಯಾ. “ಆ ಬೆಟ್ಟಾನೂ ಹತ್ತಿಲ್ಲ. ಕೆಳಗೆ ಒಗ್ಗರಣೆ ಹಾಕ್ತಿದ್ರು.”

ಯಾರೋ ನಕ್ಕರು. ಮಿಕ್ಕವರು ತಟ್ಟೆ ತೆಗೆದುಕೊಳ್ಳಲು ಎದ್ದರು.

ವಾಪಸು ಬರುವಾಗ ಕಾರು ಓಡಿಸಿದವಳು ಅಹಲ್ಯಾ. ನಾಲ್ಕು ಜನರ ಮುಂದೆ ಮಾನ ಕಳೆದೆಯಲ್ಲೇ ಎಂದು ರಾಯರು ಸಿಗ್ನಲ್ಲಿಗೊಂದು ಸಲ ಅನ್ನುತ್ತಿದ್ದರು. ತನಗೆ ಪಶ್ಚಾತ್ತಾಪ ಬರುತ್ತದೇನೋ ಅಂತ ಅವಳು ಕಾದು ನೋಡಿದಳು, ಬರಲಿಲ್ಲ. ಅಕ್ಟೋಬರಿಗೆ ಅಥೆನ್ಸಿನ ಟಿಕೆಟ್ ಬುಕ್ ಮಾಡಿದ್ದೇನೆ, ನನಗೊಬ್ಬಳಿಗೇ, ಅಂದಳು.

ರಾಯರು ನಿಜವಾದ ಗಾಬರಿಯಿಂದ ಕೇಳಿದರು: “ಹಾಗಾದ್ರೆ ನನ್ನ ಊಟಕ್ಕೆ?”

“ಮೊಸರು ಫ್ರಿಜ್ಜಲ್ಲಿರುತ್ತೆ,” ಎಂದಳು ಅಹಲ್ಯಾ. “ಒಗ್ಗರಣೆ ಹಾಕೋದು ನಿಮಗೆ ಬರುತ್ತಲ್ಲ.”