ಏಳನೆಯ ಬೆಣೆ

ನಾನು ಕೈಯಿಂದ ಮುಟ್ಟಿ ನೋಡದ್ದನ್ನು ನಂಬುವ ಪೈಕಿಯವಳಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ತರಬೇತಿಯ ಕಾಲದಲ್ಲಿ ನಮ್ಮ ಮೇಟ್ರನ್ ಬೆಳಗಿನ ಐದಕ್ಕೆ ಬಂದು ಹಾಸಿಗೆಯ ಚಾದರದ ಮೂಲೆ ಎಳೆದು ನೋಡುತ್ತಿದ್ದರು. ಒಂದು ಸುಕ್ಕಿದ್ದರೂ ಪೂರ್ತಿ ಕಿತ್ತು ಮತ್ತೆ ಹಾಸಬೇಕು. ಅಂಥವರ ಕೈಕೆಳಗೆ ಬೆಳೆದವಳಿಗೆ ದೆವ್ವ ಭೂತಗಳಿಗೆ ಪುರುಸೊತ್ತು ಎಲ್ಲಿ? ವಾರ್ಡಿನಲ್ಲಿ ಸತ್ತವರು ನಡೆದಾಡಿದ್ದನ್ನು ಕಂಡೆನೆಂದು ಯಾವ ಆಯಾ ಬಂದು ಹೇಳಿದರೂ, ಮೊದಲು ಬೆಡ್‌ಪ್ಯಾನ್ ತೊಳೆದಿಟ್ಟು ಬಾ, ಆಮೇಲೆ ಕೇಳುತ್ತೇನೆ ಎನ್ನುತ್ತಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಒಂದು ಮಧ್ಯಾಹ್ನ ನನ್ನ ಕೈಯೇ ಮುಟ್ಟಿದ ಸಂಗತಿಯೊಂದಿದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿದ್ದ ಒಂದು ಆರೋಗ್ಯ ಕೇಂದ್ರದಲ್ಲಿದ್ದೆ. ಸುತ್ತ ಎತ್ತ ನೋಡಿದರೂ ಬಂಡೆ. ಊರಾಚೆ ಕಲ್ಲು ಒಡೆಯುವವರ ಇಪ್ಪತ್ತು ಮನೆಗಳಿದ್ದವು. ಜಜ್ಜಿದ ಬೆರಳು, ಕಣ್ಣಿಗೆ ಸಿಡಿದ ಚೂರು, ಬಿಡದ ಕೆಮ್ಮು ಎಂದು ಅವರು ವಾರಕ್ಕೆ ಇಬ್ಬರಾದರೂ ನನ್ನಲ್ಲಿಗೆ ಬರುತ್ತಿದ್ದರು. ಅವರ ಬಾಯಲ್ಲಿ ಸದಾ ಒಂದು ಹಾಡು ಇರುತ್ತಿತ್ತು. ಗಿರಿಯಣ್ಣನ ಪದ.

ಗಿರಿಯ ಅವರಂತೆಯೇ ಕಲ್ಲು ಒಡೆಯುವವನು. ಹಿಂದೆ ಯಾವುದೋ ಕಾಲದಲ್ಲಿ ಅಲ್ಲೊಂದು ಕೆರೆ ಕಟ್ಟುವಾಗ ತೂಬಿನ ಜಾಗಕ್ಕೇ ದೊಡ್ಡ ಬಂಡೆ ಅಡ್ಡ ಬಂತಂತೆ. ಅದು ಒಡೆಯುವ ಮೊದಲೇ ಮಳೆ ಬಂತು, ಕೆರೆ ತುಂಬಿತು, ಏರಿ ಒಡೆದು ಕೆಳಗಿನ ಊರುಗಳು ಕೊಚ್ಚಿಹೋಗುವ ಹಾಗಾಯಿತು. ಜೊತೆಯ ಆರು ಜನ ಆರು ಬೆಣೆ ಹೊಡೆದು, ನೀರಿಗೆ ಹೆದರಿ ಏರಿ ಹತ್ತಿ ಓಡಿದರು. ಗಿರಿಯ ಒಬ್ಬನೇ ಉಳಿದು ಏಳನೆಯದನ್ನು ಹೊಡೆದ. ಬಂಡೆ ಸೀಳಿತು, ನೀರು ಹರಿಯಿತು, ಊರು ಉಳಿಯಿತು. ಗಿರಿಯನ ಹೆಣವೂ ಸಿಗಲಿಲ್ಲ, ಸುತ್ತಿಗೆಯೂ ಸಿಗಲಿಲ್ಲ. 'ಏಳು ಬೆಣೆ ಇಟ್ಟವನೆ ಗಿರಿಯಣ್ಣ, ಕಲ್ಲಿನ ಎದೆಗೆ ಕಿವಿ ಕೊಟ್ಟವನೆ' ಎಂದು ಪದ ಶುರುವಾಗುತ್ತದೆ.

ಈ ಪದದ ತಾಳ ಏಳು ಪೆಟ್ಟಿನದು. ಆರು ಪೆಟ್ಟು ಬೀಳುತ್ತವೆ, ಏಳನೆಯದಕ್ಕೆ ಎಲ್ಲರೂ ಸುಮ್ಮನಾಗುತ್ತಾರೆ. ಮದುವೆ ಮೆರವಣಿಗೆಯಲ್ಲಿ ತಮಟೆಯವರು ಬಾರಿಸಿದರೂ, ನಾಟಿ ಗದ್ದೆಯಲ್ಲಿ ಹೆಂಗಸರು ಹಾಡಿದರೂ ಆ ಒಂದು ಜಾಗ ಖಾಲಿ. ಒಮ್ಮೆ ಶಾಲೆಯ ಜಾನಪದ ಸ್ಪರ್ಧೆಯಲ್ಲಿ ಮೇಷ್ಟರೊಬ್ಬರು, ತಾಳ ಕುಂಟುತ್ತದೆ ಎಂದು ಆ ಖಾಲಿ ಜಾಗದಲ್ಲಿ ಗೆಜ್ಜೆ ಅಲುಗಿಸಿದ್ದರು. ಮುಂದಿನ ಸಾಲಿನಲ್ಲಿದ್ದ ಕಲ್ಲಿನವರು ಎದ್ದುಹೋದರು. ನನಗಂತೂ ಮೇಷ್ಟರು ಮಾಡಿದ್ದೇ ಸರಿ ಎನ್ನಿಸಿತ್ತು.

ಅವರ ಕೆಲಸವೂ ಹಾಗೆಯೇ. ಕಲ್ಲಿನ ಮೇಲೆ ನೇರ ಗೆರೆ ಹಿಡಿದು ಏಳು ತೂತು ಕೊರೆದು ಏಳು ಕಬ್ಬಿಣದ ಬೆಣೆ ಇಡುತ್ತಾರೆ. ಪದ ಹೇಳುತ್ತಾ ಆರನ್ನು ಸಾಲಾಗಿ ಒಂದರ ಹಿಂದೆ ಒಂದು ಹೊಡೆಯುತ್ತಾರೆ. ಏಳನೆಯದನ್ನು ಕೈಯಲ್ಲಿ ಊರಿರುತ್ತಾರೆ ಅಷ್ಟೆ. ಪದ ಮುಗಿದ ಮೇಲೆ ಸುತ್ತಿಗೆ ಕೆಳಗಿಟ್ಟು, "ಗಿರಿಯಣ್ಣ, ನಿನ್ ಪಾಲು" ಎಂದು ಹೇಳಿ ನೀರು ಕುಡಿಯಲು ಹೋಗುತ್ತಾರೆ. ವಾಪಸು ಬರುವಷ್ಟರಲ್ಲಿ ಕಲ್ಲು ತಾನಾಗಿ ಬಿಟ್ಟುಕೊಂಡಿದ್ದರೆ ಸರಿ, ಇಲ್ಲದಿದ್ದರೆ ಹಿರಿಯನೊಬ್ಬ ಕೈಮುಗಿದು ಏಳನೆಯದನ್ನು ಹೊಡೆಯುತ್ತಾನೆ.

ಆ ದಿನ ಮೋಡ ಕವಿದಿತ್ತು. ಮೂರೂವರೆಗೆ ಒಬ್ಬ ಬೈಕಿನಲ್ಲಿ ಬಂದು, ಸಿದ್ದರಾಜು ಕಲ್ಲಿನ ಕೆಳಗೆ ಸಿಕ್ಕಿಕೊಂಡಿದ್ದಾನೆ ಎಂದ. ಯಾರದೋ ಮನೆಯ ಪಾಯಕ್ಕೆ ಕಲ್ಲು ತೆಗೆಯುವಾಗ, ಹಿಂದಿನ ವಾರದ ಮಳೆಗೆ ಸಡಿಲವಾಗಿದ್ದ ಬಂಡೆ ಜಾರಿ ಅವನ ಕಾಲಿನ ಮೇಲೆ ಕೂತಿತ್ತು. ಚೀಲ, ಸಲೈನ್ ಬಾಟಲಿ ಹಿಡಿದು ಅದೇ ಬೈಕಿನ ಹಿಂದೆ ಕೂತು ಹೋದೆ.

ಸಿದ್ದರಾಜುವಿಗೆ ಮೂವತ್ತರ ಒಳಗಿನ ವಯಸ್ಸು. ಎಡಗಾಲು ಮೊಣಕಾಲಿನವರೆಗೂ ಬಂಡೆಯ ಅಡಿಯಲ್ಲಿತ್ತು. ಜೆಸಿಬಿ ಆ ಇಳಿಜಾರಿಗೆ ಹತ್ತುವಂತಿರಲಿಲ್ಲ, ಸಿಡಿಮದ್ದು ಇಟ್ಟರೆ ಅವನೇ ಹೋಗುತ್ತಾನೆ, ಕ್ರೇನ್ ಬರಲು ಎರಡು ಗಂಟೆಯಾದರೂ ಬೇಕು. ಅವನಿಗೆ ಅಷ್ಟು ಹೊತ್ತು ಇರಲಿಲ್ಲ. ಫೋನಿನಲ್ಲಿ ಡಾಕ್ಟರು ಹೇಳುವ ಮೊದಲೇ ನಾಡಿ ನನಗೆ ಅದನ್ನು ಹೇಳಿತ್ತು. ಉಳಿದದ್ದು ಒಂದೇ ದಾರಿ. ಬಂಡೆಯನ್ನು ನಡುವೆ ನೇರವಾಗಿ ಸೀಳಿದರೆ ಇಳಿಜಾರಿನ ಕೆಳಗಿನ ಅರ್ಧ ಉರುಳಿಹೋಗುತ್ತದೆ, ಕಾಲಿನ ಮೇಲೆ ಕೂತ ಅರ್ಧವನ್ನು ಹಾರೆ ಕೊಟ್ಟು ಎತ್ತಬಹುದು. ಸೀಳು ಓರೆಯಾದರೆ ಪೂರ್ತಿ ಭಾರ ಅವನ ಮೇಲೆಯೇ ಬೀಳುತ್ತದೆ.

ಅವನ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಹೌದು, ನಂಜಪ್ಪ ಎಂಬ ಮುದುಕ ಆ ಗುಂಪಿಗೆ ಹಿರಿಯ. ಅವನೂ ಇನ್ನೈದು ಜನರೂ ಆಗಲೇ ತೂತು ಕೊರೆದು ಬೆಣೆ ಊರುತ್ತಿದ್ದರು. ನಾನು ಸಿದ್ದರಾಜುವಿನ ಪಕ್ಕ ಕೂತು ಸಲೈನ್ ಹಾಕಿ ಮಣಿಕಟ್ಟು ಹಿಡಿದೆ. ಅಷ್ಟು ನೋವಿನಲ್ಲೂ ಅವನು, "ಇಷ್ಟೊತ್ತು ನನ್ ಕೈನ ನನ್ ಹೆಂಡ್ರೂ ಹಿಡ್ಕಂಡಿಲ್ಲ ನರ್ಸಮ್ಮ, ಅವಳಿಗೆ ಯೋಳ್ಬ್ಯಾಡಿ" ಎಂದ.

ಅವರು ಪದ ಎತ್ತಿದರು. ಪ್ರತಿ ಸುತ್ತಿಗೂ ಒಂದು ಪೆಟ್ಟು ಖಾಲಿ ಬಿಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮನುಷ್ಯ ಸಾಯುತ್ತಿದ್ದಾನೆ, ನಿಮ್ಮ ಹಾಡು ನಿಲ್ಲಿಸಿ, ಬೇಗ ಬೇಗ ಹೊಡೆಯಿರಿ ಎಂದು ಗದರಿದೆ. ವಾರ್ಡಿನಲ್ಲಿ ಗದರಿ ಗದರಿ ಪಳಗಿದ ದನಿ, ಅವರು ನಿಲ್ಲಿಸಿಬಿಟ್ಟರು. ಪದವಿಲ್ಲದೆ ಹೊಡೆಯತೊಡಗಿದಾಗ ಒಬ್ಬನ ಕೈ ಮುಂದೆ, ಒಬ್ಬನದು ಹಿಂದೆ. ಮೂರನೆಯ ಬೆಣೆ ಉಳಿದವಕ್ಕಿಂತ ಆಳಕ್ಕೆ ಇಳಿಯಿತು. ಬಂಡೆ ಹಲ್ಲು ಕಡಿದ ಹಾಗೆ ಸದ್ದು ಮಾಡಿ ಒಂದು ಬೆರಳಿನಷ್ಟು ಕುಸಿಯಿತು. ಸಿದ್ದರಾಜು ಚೀರಿದ. ತಪ್ಪು ನನ್ನದು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಸಿದ್ದರಾಜುವೇ ಉಸಿರು ಸಿಕ್ಕಿದ ಮೇಲೆ, "ಪದ ಯೋಳು ಮಾವ. ಪದ ಬುಟ್ರೆ ಕೈ ತಪ್ತದೆ" ಎಂದು, ಒಡೆದ ದನಿಯಲ್ಲಿ ಮೊದಲ ಸಾಲು ತಾನೇ ಹಿಡಿದ. ಆರೂ ಜನ ಸೇರಿಕೊಂಡರು. ನಾನು ಬಾಯಿ ಮುಚ್ಚಿಕೊಂಡು ಗಡಿಯಾರ ನೋಡುತ್ತಾ ಕೂತೆ. ಹಿಂದೆ ಬಿದ್ದ ಬೆಣೆಗಳು ಸಮಕ್ಕೆ ಬಂದವು. ಪದ ಮುಗಿಯಿತು. ಬಂಡೆ ಒಡೆಯಲಿಲ್ಲ. ಅಷ್ಟರಲ್ಲಿ ನಾಡಿ ನನ್ನ ಬೆರಳಿಗೆ ದಾರದ ಹಾಗೆ ಸಣ್ಣಗಾಗಿತ್ತು.

ಏಳನೆಯದನ್ನು ಹೊಡೆಯಿರಿ ಎಂದೆ. ನಂಜಪ್ಪ ತಲೆ ಅಲ್ಲಾಡಿಸಿದ. "ಅದು ನಮ್ದಲ್ಲ ಕಣವ್ವ. ಒಸಿ ತಡೀರಿ."

ಆರೂ ಜನ ಬಂಡೆಯಿಂದ ಇಳಿದು, ಸುತ್ತಿಗೆಗಳನ್ನು ಕೆಳಗಿಟ್ಟು, "ಗಿರಿಯಣ್ಣ, ನಿನ್ ಪಾಲು" ಎಂದರು. ನಂಜಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕೆಳಗೆ ಬಿದ್ದಿದ್ದವನು ಅವನ ಮಗಳ ಗಂಡ. ನಾನೇ ಎದ್ದು ಒಂದು ಸುತ್ತಿಗೆ ಎತ್ತಿಕೊಳ್ಳಬೇಕೆಂದು ಎಡಗೈಯನ್ನು ಬಂಡೆಗೆ ಊರಿದೆ.

ಆಗ ಪೆಟ್ಟು ಬಿತ್ತು. ಒಂದೇ ಪೆಟ್ಟು. ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು, ಆಮೇಲೆ ಮೊಣಕೈಗೆ, ಭುಜಕ್ಕೆ. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ಆರು ಜನ ನನ್ನ ಕಣ್ಣ ಮುಂದೆ ಬರಿಗೈಯಲ್ಲಿ ನಿಂತಿದ್ದರು. ಬಂಡೆಯ ಮೇಲೆ ಯಾರೂ ಇರಲಿಲ್ಲ. ಮರುಕ್ಷಣ ದಾರ ಹಿಡಿದು ಕೊಯ್ದ ಹಾಗೆ ಬಂಡೆ ಸೀಳಿ, ಕೆಳಗಿನ ಅರ್ಧ ಹುಲ್ಲಿನ ಬಯಲಿಗೆ ಉರುಳಿತು.

ಆಮೇಲಿನದೆಲ್ಲ ಕೆಲಸ. ಹಾರೆ ಕೊಟ್ಟು ಎತ್ತಿದರು, ಎಳೆದುಕೊಂಡೆವು, ನಾನು ಕಾಲು ಕಟ್ಟಿದೆ. ಅಷ್ಟರಲ್ಲಿ ಬಂದಿದ್ದ ಆಂಬುಲೆನ್ಸಿನ ಸ್ಟ್ರೆಚರಿಗೆ ಅವನನ್ನು ಬಿಗಿಯುತ್ತಿರುವಾಗ ನಂಜಪ್ಪ ಉದುರಿದ ಬೆಣೆಗಳನ್ನು ಆಯುತ್ತಿದ್ದವನು ಏಳನೆಯದನ್ನು ತಂದು ನನ್ನ ಮುಂದೆ ಹಿಡಿದ. ಜ್ವರ ನೋಡುವ ಅಭ್ಯಾಸದಲ್ಲಿ ಕೈಯ ಹಿಂಬದಿ ಇಟ್ಟೆ. ಸುಡುತ್ತಿತ್ತು. ತುಂಬ ಹೊಡೆಸಿಕೊಂಡ ಬೆಣೆ ಬಿಸಿಯಾಗುತ್ತದೆ ಎಂದು ನನಗೂ ಗೊತ್ತು. ಇದನ್ನು ಯಾರೂ ಹೊಡೆದಿರಲಿಲ್ಲ, ಆಕಾಶದಲ್ಲಿ ಬಿಸಿಲೂ ಇರಲಿಲ್ಲ. ಕೈಗೆ ತೆಗೆದುಕೊಂಡೆ. ನೋಡುತ್ತಿದ್ದ ಹಾಗೆಯೇ ಅದು ತಣ್ಣಗಾಯಿತು.

ಸಿದ್ದರಾಜು ಬದುಕಿದ. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ. ಈಗ ಕೂತು ಉಳಿ ಹರಿತ ಮಾಡುತ್ತಾನೆ, ಪದಕ್ಕೆ ಅವನದೇ ಮುಂದಾಳತ್ವ. ನಮ್ಮ ನೆಂಟರಲ್ಲಿ ಎಂಜಿನಿಯರ್ ಒಬ್ಬರಿದ್ದಾರೆ. ಬೆಣೆ ಬಿಗಿದ ಕಲ್ಲು ಒಳಗೊಳಗೇ ಬಿಡುತ್ತಾ ಹೋಗಿ ಹೊತ್ತಾದ ಮೇಲೆ ಒಡೆಯುವುದು ಸಹಜ, ಒಡೆಯುವಾಗ ಅಂಥ ಸದ್ದೂ ಬರುತ್ತದೆ ಎಂದು ವಿವರಿಸಿದರು. ಒಪ್ಪಿದೆ. ಬೆಣೆ ಬಿಸಿಯಾಗಿದ್ದು ಹೇಗೆ ಎಂದೆ. ಗಾಬರಿಯಲ್ಲಿ ನಿಮ್ಮ ಕೈ ತಣ್ಣಗಾಗಿರಬೇಕು ಎಂದರು. ಇರಬಹುದು. ಆದರೆ ಸಾವಿರಾರು ಹಣೆ ಮುಟ್ಟಿದ ಕೈ ಇದು, ಜ್ವರವಿಲ್ಲದವರಿಗೆ ಜ್ವರ ಇದೆ ಎಂದು ಒಮ್ಮೆಯೂ ಹೇಳಿದ್ದಿಲ್ಲ.

ನಿವೃತ್ತಿಗೆ ಮೊದಲು ನಂಜಪ್ಪನ ಮನೆಗೆ ಹೋಗಿ ನೇರವಾಗಿ ಕೇಳಿದೆ, ಅವತ್ತು ಹೊಡೆದದ್ದು ಯಾರು ಎಂದು. ಅವನು ಎಲೆಗೆ ಸುಣ್ಣ ಸವರುತ್ತಾ ನನ್ನನ್ನೇ ನೋಡಿದ.

"ನಾವು ದೂರ ನಿಂತಿದ್ದೋ ಕಣವ್ವ. ಕಲ್ಲಿನ್ ಮ್ಯಾಲೆ ಕೈ ಮಡಗಿದ್ದೋರು ನೀವು. ನೀವೇ ಯೋಳ್ಬೇಕು."

ಎಡಗೈಯನ್ನೊಮ್ಮೆ ತಿರುಗಿಸಿ ಅಂಗೈ ನೋಡಿಕೊಂಡೆ. ಎದ್ದು ಬಂದೆ.