ನೆನೆಸದೆ ಕತ್ತರಿಸಿದ ಹುಡ್

ಕೊರೋನಾ ಮುಗಿದ ಮರುವರ್ಷದ ಮಾತು. ಮೂರ್ನಾಡಿನ ನಮ್ಮ ಶೆಡ್ಡಿನಲ್ಲಿ ಆಗ ನಾನೊಬ್ಬಳೇ ಮಿಷನ್ ತುಳಿಯುತ್ತಿದ್ದೆ. ಜೀಪಿಗೆ ಹುಡ್, ಎಂದರೆ ಮೇಲಿನ ಬಟ್ಟೆಯ ಮಾಡು, ಹೊಲಿಯುವ ಕೆಲಸ. ಗಂಡ ಇದ್ದಾಗ ಅಳತೆ, ಕತ್ತರಿ ಅವರದು, ಹೊಲಿಗೆ ನನ್ನದು. ಅವರು ಹೋದ ಮೇಲೆ ಎಲ್ಲ ನನ್ನದೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಂಕಿ ಬರೆಯಲು ಬಂದರೆ ಈ ಕೆಲಸಕ್ಕೆ ಸಾಕು.

ಮಳೆಗಾಲಕ್ಕೆ ಮುಂಚೆ ಪೂವಯ್ಯ ಸಾವುಕಾರ್ರು ತಮ್ಮ ಹಳೆಯ ಕಾರು ತಂದರು. ಇಬ್ಬರೇ ಕೂರುವ, ಉದ್ದ ಮೂತಿಯ ಹಸಿರು ಕಾರು. ಅವರಪ್ಪ ತೋಟದ ಬಿಳಿ ದೊರೆಯಿಂದ ಕೊಂಡದ್ದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದು ರಸ್ತೆಗಿಳಿದರೆ ಅಂಗಡಿಯವರೆಲ್ಲ ಹೊರಗೆ ಬರುತ್ತಿದ್ದರು. ಅದರ ಹುಡ್ ಹೊಲಿದಿದ್ದು ನಾವೇ. ಈಗ ಇಲಿ ತಿಂದು ಜಾಲರಿಯಾಗಿತ್ತು.

ಹಿಂದೆಯೇ ಅವರ ಮಗಳು ದೇಚಮ್ಮ ತನ್ನ ಹೊಸ ಕಾರಿನಲ್ಲಿ ಬಂದಳು. ಅದಕ್ಕೂ ಬಟ್ಟೆಯ ಮಾಡೇ. ಒಂದು ಗುಂಡಿ ಒತ್ತಿದಳು; ಮಾಡು ತಾನೇ ಎದ್ದು, ಮಡಚಿಕೊಂಡು ಡಿಕ್ಕಿಯೊಳಗೆ ಹೋಯಿತು. ಅಪ್ಪನ ಕಾರಿಗಾದರೆ ಇಬ್ಬರು ನಿಂತು ಬಟ್ಟೆ ಹೊರುವ ಕಬ್ಬಿಣದ ಕಮಾನು ಎಳೆಯಬೇಕು, ಸುತ್ತ ಟಿಚ್ ಬಟನ್ ಹಾಕಬೇಕು. ಅಷ್ಟರಲ್ಲಿ ಮಳೆಗೆ ಒಳಗೆಲ್ಲ ನೆನೆದಿರುತ್ತದೆ.

"ಪಪ್ಪ, ನಿಮ್ ಬಟನ್ ಮುಗಿಯೋದ್ರೊಳಗೆ ನಾನು ವಿರಾಜಪೇಟೆ ಮುಟ್ಟಿರ್ತೀನಿ."

"ಮುಟ್ಟು. ಅಲ್ಲಿ ನಿನ್ ಕಾರು ಯಾರು ತಿರುಗಿ ನೋಡ್ತಾರೆ?"

ನಾನು ಅವಳ ಹುಡ್ಡಿನ ಒಳಗೆ ಕೈಯಾಡಿಸಿ ನೋಡಿದೆ. ಸುಳ್ಳು ಹೇಳಬಾರದು, ಅಂಥ ಹೊಲಿಗೆ ನನ್ನ ಕೈಲಾಗದು.

ಹಳೆಯ ಕಾರನ್ನು ಕೊಡಿ ಎಂದು ಮೈಸೂರಿನವರೊಬ್ಬರು ಕೇಳುತ್ತಿದ್ದರು. ಹೊಸ ಹುಡ್ಡಿನಲ್ಲಿ ಮಳೆಗಾಲ ಕಳೆದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಕೊಟ್ಟುಬಿಡುವುದು ಎಂದು ಅಪ್ಪ ಮಗಳು ಮಾತಾಡಿಕೊಂಡಿದ್ದರು.

ಆಗೆಲ್ಲ ನಾನು ಹೊಲಿಯುತ್ತಿದ್ದುದು ರೆಕ್ಸಿನ್. ಅದಕ್ಕೆ ನೀರು ಹಿಡಿಯುವುದಿಲ್ಲ. ಈ ಕಾರಿಗೆ ಹತ್ತಿಯ ಕ್ಯಾನ್ವಾಸೇ ಆಗಬೇಕು. ಹತ್ತಿ ಒಮ್ಮೆ ನೆನೆದು ಒಣಗಿದರೆ ಕುಗ್ಗುತ್ತದೆ. ಅದಕ್ಕೇ ನನ್ನ ಗಂಡ ಬಟ್ಟೆಯನ್ನು ಎರಡು ದಿನ ಡ್ರಮ್ಮಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಆಮೇಲೆ ಕತ್ತರಿ ಹಾಕುತ್ತಿದ್ದರು. ಕಣ್ಣಾರೆ ಕಂಡಿದ್ದೆ. ಆದರೂ ಮಳೆ ಬಂದೇಬಿಡುತ್ತದೆಂಬ ಅವಸರದಲ್ಲಿ ಹಾಗೆಯೇ ಕತ್ತರಿಸಿದೆ.

ಹುಡ್ ಚೆನ್ನಾಗಿ ಕೂತಿತು. ಸಾವುಕಾರ್ರು ಮೊದಲ ಮಳೆಯಲ್ಲಿ ಭಾಗಮಂಡಲಕ್ಕೆ ಹೋಗಿ ಬಂದರು. ಮರುದಿನ ಬಿಸಿಲಿಗೆ ಬಿಚ್ಚಿ ಒಣಗಿಸಿದರು. ಸಂಜೆ ಎಳೆದರೆ ಮುಂದಿನ ಗಾಜಿಗೆ ಮೂರು ಬೆರಳು ಕಡಿಮೆ.

ಶೆಡ್ಡಿಗೆ ಬಂದರು. ಜಗಳಕ್ಕಲ್ಲ.

"ಕಮಾನು ಬಗ್ಗಿದೆ ಗೌರಮ್ಮ. ಅದಕ್ಕೂ ವಯಸ್ಸಾಯ್ತು. ಶನಿವಾರ ಮೈಸೂರಿನವ್ರು ಬರ್ತಾರೆ, ಕೊಟ್ಬಿಡ್ತೀನಿ."

ಜೊತೆಗೆ ಬಂದಿದ್ದ ದೇಚಮ್ಮ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ. ಅಪ್ಪನ ಮುಖ ನೋಡದೆ ರಸ್ತೆ ನೋಡುತ್ತ ನಿಂತಿದ್ದಳು.

ಬಟ್ಟೆಯ ಅಂಚು ನೋಡಿದೆ. ಹೊಲಿಗೆಯೆಲ್ಲ ಸುಕ್ಕುಗಟ್ಟಿತ್ತು. ಕುಗ್ಗಿದ್ದು ಬಟ್ಟೆ ಎಂದು ಆಗಲೇ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕಾರು ಹೋಗುತ್ತಿತ್ತು, ನನ್ನ ಹೆಸರು ಉಳಿಯುತ್ತಿತ್ತು. ದೂರದ ಕರಿಕೆಯಿಂದಲೂ ಜೀಪಿನವರು ನನ್ನಲ್ಲಿಗೆ ಬರುತ್ತಿದ್ದುದು ಆ ಹೆಸರು ಕೇಳಿಯೇ.

"ಕಮಾನು ನೆಟ್ಟಗಿದೆ ಸಾವುಕಾರ್ರೆ. ಬಟ್ಟೆ ನೆನೆಸ್ದೆ ಕತ್ತರಿಸ್ದೋಳು ನಾನು. ಮಾರೋದಾದ್ರೆ ಬೇರೆ ಕಾರಣಕ್ಕೆ ಮಾರಿ."

ಅವರು ಕಮಾನಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ನಿನ್ ಗಂಡ ಇದ್ದಿದ್ರೆ ಬೈತಿದ್ದ."

"ಕತ್ತರಿನೇ ಎಸೀತಿದ್ರು," ಅಂದೆ.

ದೇಚಮ್ಮ ನಕ್ಕು, ಫೋನ್ ತೆಗೆದು, ಶನಿವಾರ ಬರುವುದು ಬೇಡ ಎಂದು ಮೈಸೂರಿಗೆ ತಾನೇ ಹೇಳಿದಳು.

ಬಟ್ಟೆ ನೆನೆಸಿ ಹೊಲಿದುಕೊಟ್ಟ ಎರಡನೇ ಹುಡ್ ಈಗಲೂ ಇದೆ. ಎಡಗಡೆ ಗಾಜಿನ ಹತ್ತಿರ ಸೋರುತ್ತದೆ. ತಮ್ಮ ಅಪ್ಪನ ಕಾಲದಲ್ಲೂ ಅಲ್ಲೇ ಸೋರುತ್ತಿತ್ತು, ಮುಟ್ಟಬೇಡ ಎಂದಿದ್ದಾರೆ ಸಾವುಕಾರ್ರು. ಮಗಳ ಕಾರಿನಲ್ಲಿ ಒಂದು ಹನಿ ಬೀಳುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಹತ್ತುತ್ತೀ ಎಂದರೆ ನನ್ನ ಸೊಂಟಕ್ಕೆ ಮಗಳದೇ ಸರಿ. ಆದರೆ ಕೈಯಲ್ಲಿ ಮಾಡಿದ ವಸ್ತು ಕೆಟ್ಟರೆ ವಸ್ತುವಿಗೆ ವಯಸ್ಸಾಯಿತು ಎನ್ನುವ ಮೊದಲು ಮಾಡಿದವರು ತಮ್ಮ ಕೈ ನೋಡಿಕೊಳ್ಳಬೇಕು. ನಾನು ಕಲಿತದ್ದು ಅಷ್ಟೇ. ಶೆಡ್ಡಿನ ಡ್ರಮ್ಮಿನಲ್ಲಿ ಈಗ ಯಾವಾಗಲೂ ನೀರಿರುತ್ತದೆ. ಅವಸರ ಎಂದು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.