ಸಲ್ಬಿಯಾಳ ಕತ್ತಿನ ಸೋಮಾರಿ ಚಿಟ್ಟೆ

ಪೆರಾಕ್ ನದಿಯ ದಂಡೆಯ ಆ ಹಳ್ಳಿಗೆ ಹೆಣ್ಣು ಕೇಳಲು ಬಂದವರು ಹೆದರುತ್ತಿದ್ದದ್ದು ಹೆಣ್ಣಿನ ಅಪ್ಪನಿಗಲ್ಲ, ಸಲ್ಬಿಯಾಳ ಬಾಯಿಗೆ. ನಿಶ್ಚಿತಾರ್ಥದ ದಿನ ಅಲ್ಲಿ ಯಾರೂ ವಿಷಯವನ್ನು ನೇರವಾಗಿ ಆಡುವಂತಿಲ್ಲ. ಗಂಡಿನ ಕಡೆಯವರು ನಾಲ್ಕು ಸಾಲಿನ ಪಂತುನ್ ಪದ್ಯ ಕಟ್ಟಿ ಎಸೆಯಬೇಕು, ಹೆಣ್ಣಿನ ಕಡೆಯವರು ಅದನ್ನು ಹಿಡಿದು ಇನ್ನೊಂದನ್ನು ತಿರುಗಿ ಎಸೆಯಬೇಕು. ಹೆಣ್ಣಿನ ಕಡೆಯ ಮಾತುಗಾರ್ತಿಯ ಚಾಪೆಯ ಮೇಲೆ ಸಲ್ಬಿಯಾ ಪ್ರಾಯದಿಂದಲೂ ಕೂತವಳು. ಹೊಟ್ಟೆಪಾಡಿಗೆ ಶಾಲೆಯ ಕ್ಯಾಂಟೀನು ನಡೆಸಿದಳು. ಅವಳು ಒಲೆಯ ಮುಂದಿನಿಂದ "ಸಾಲಾಗಿ ನಿಲ್ರೋ" ಎಂದು ಕೂಗಿದರೆ ಮೈದಾನದಾಚೆ ಹೆಡ್‌ಮಾಸ್ತರರೂ ಸಾಲಿಗೆ ನಿಲ್ಲುತ್ತಿದ್ದರಂತೆ. ಇದರಲ್ಲಿ ಉತ್ಪ್ರೇಕ್ಷೆ ಇದೆ, ಬಹಳವೇನಿಲ್ಲ.

ಆ ಬಾಯಿ ಅರವತ್ತರ ಹತ್ತಿರ ಬರುವಾಗ ನಿಧಾನವಾಯಿತು. ದನಿ ದಪ್ಪಗಾಗಿ, ಗಂಟಲಲ್ಲಿ ಗಂಜಿ ಕಟ್ಟಿಕೊಂಡವರ ಹಾಗೆ ಕೇಳತೊಡಗಿತು. ಬೆಕ್ಕುಗಳೆಲ್ಲ ಸಿಮೆಂಟಿನ ಮೇಲೆ ಹೊಟ್ಟೆ ಅಂಟಿಸಿ ಮಲಗುವ ಉರಿ ಮಧ್ಯಾಹ್ನದಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಗಂಡ ದಹಲಾನ್ ಫ್ಯಾನು ಹಾಕುವನು, ಅವಳು ಆರಿಸುವಳು, ಅವನು ಮತ್ತೆ ಹಾಕುವನು. ಹುಬ್ಬಿನ ತುದಿಗಳು ಉದುರಿದ್ದರಿಂದ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕೈ ಸ್ವಲ್ಪ ಮೇಲಕ್ಕೆ ಹೋದ ದಿನ, ಜಗತ್ತನ್ನೆಲ್ಲ ಅದೇ ತಾನೆ ನೋಡಿದವಳ ಹಾಗೆ ಕಾಣುತ್ತಿದ್ದಳು.

ಊರಿನ ಸರ್ಕಾರಿ ಕ್ಲಿನಿಕ್ಕಿನ ಎಳೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಚಿಕ್ಕಮ್ಮ ಎಂಬರ್ಥದಲ್ಲಿ ಮಾಕ್ ಚಿಕ್ ಎಂದು ಕರೆದು ಹೇಳಿದ: "ಕತ್ತಿನಲ್ಲಿ ಚಿಟ್ಟೆ ಆಕಾರದ್ದೊಂದು ಗ್ರಂಥಿ ಇದೆ ಮಾಕ್ ಚಿಕ್, ಥೈರಾಯ್ಡ್ ಅಂತ. ನಿಮ್ಮದು ಸೋಮಾರಿಯಾಗಿದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಬದುಕಿರೋವರೆಗೂ ಬಿಡೋಹಾಗಿಲ್ಲ."

"ಚಿಟ್ಟೆ ಅಂತೆ," ಎಂದ ದಹಲಾನ್ ಮನೆಗೆ ಬರುವ ದಾರಿಯಲ್ಲಿ. "ನಾನು ಆಮೆ ಅಂದ್ಕೊಂಡಿದ್ದೆ."

ಮಾತ್ರೆ ಶುರುವಾಯಿತು. ಡಾಕ್ಟರು ಒಮ್ಮೆ ಪ್ರಮಾಣ ಏರಿಸಿದ, ಇನ್ನೊಮ್ಮೆ ಏರಿಸಿದ. ಚಿಟ್ಟೆ ಮಾತ್ರ ರೆಕ್ಕೆ ಆಡಿಸಲಿಲ್ಲ. ಊರಿನ ಹೆಂಗಸರು ಒಬ್ಬೊಬ್ಬರು ಒಂದೊಂದು ಬೇರು ಅರೆದು ತಂದರು. ಒಬ್ಬಳು ತಂದ ಕಷಾಯವನ್ನು ಸಲ್ಬಿಯಾ ಬಾಳೆಯ ಬುಡಕ್ಕೆ ಸುರಿದಳು. ಬಾಳೆ ಚೆನ್ನಾಗಿ ಬೆಳೆಯಿತು.

ಹೀಗಿರುವಾಗ ಪಕ್ಕದ ಮನೆಯ ನಿಶ್ಚಿತಾರ್ಥ ಬಂತು. ಸಲ್ಬಿಯಾ ಚಾಪೆಯ ಮೇಲೆ ಕೂತಳು, ಮೊದಲ ಪದ್ಯ ಹೇಳಿದಳು, ಎರಡನೆಯದನ್ನು ಕೇಳುತ್ತ ಕೇಳುತ್ತ ವೀಳ್ಯದೆಲೆ ಪೆಟ್ಟಿಗೆಯ ಮೇಲೆ ಗಲ್ಲವಿಟ್ಟು ನಿದ್ದೆ ಹೋದಳು. ಗೊರಕೆಯೂ ಬಂತು. ಗಂಡಿನ ಕಡೆಯವರು ಅದನ್ನು ಒಪ್ಪಿಗೆ ಎಂದೇ ತಿಳಿದು ಉಂಗುರ ತೊಡಿಸಿ ಊಟಕ್ಕೆ ಎದ್ದರು. ಊರು ನಕ್ಕಿತು. ನಗದೆ ಉಳಿದವಳು ಅವಳ ತಮ್ಮನ ಹೆಂಡತಿ ರುಸ್ನಾನಿ. ಅವಳ ಮಗಳು ಹಿದಾಯುವಿನ ನಿಶ್ಚಿತಾರ್ಥ ಮುಂದಿನ ಸರದಿಯಲ್ಲಿತ್ತು.

"ಕಾಕ್ ಲಾಂಗ್, ಬೇಜಾರು ಮಾಡ್ಕೋಬೇಡಿ," ಎಂದು ರುಸ್ನಾನಿ ಹಿರಿಯತ್ತಿಗೆಯ ಮೆಟ್ಟಿಲ ಮೇಲೆ ಕೂತು ಶುರುಮಾಡಿದಳು. "ಇಪೋ ಪೇಟೇಲಿ ಪಂತುನ್ ಹೇಳೋನು ಒಬ್ಬ ಇದ್ದಾನಂತೆ. ಮೈಕು ಅವನೇ ತರ್ತಾನಂತೆ."

"ಮೈಕು ತರೋನು ಬುದ್ಧಿ ತರ್ತಾನಾ?"

"ನಿದ್ದೆಯಂತೂ ತರಲ್ಲ."

ಸಲ್ಬಿಯಾ ಸ್ವೆಟರಿನ ಗುಂಡಿ ಹಾಕಿಕೊಂಡಳು. ಮೊದಲಾಗಿದ್ದರೆ ರುಸ್ನಾನಿ ಬಾಯಿ ಮುಚ್ಚುವುದಕ್ಕೆ ಮುಂಚೆ ನಾಲ್ಕು ಸಾಲು ಅವಳ ಮುಖಕ್ಕೆ ಬಂದು ಬೀಳುತ್ತಿದ್ದವು. ಹಿದಾಯುವೇ ಅಡ್ಡ ಬಂದಳು. ಗಂಡು ಅವಳೇ ಮೆಚ್ಚಿದವನು. ಅವನ ಬಗ್ಗೆ ತಕರಾರಿಲ್ಲ. ಆದರೆ ಅವನ ತಾಯಿಗೆ ಮದುವೆ ಉಪವಾಸದ ತಿಂಗಳಿಗೆ ಮುಂಚೆ ಆಗಬೇಕು, ಸೊಸೆ ದೂರದ ಜೊಹೋರಿಗೆ ಬರಬೇಕು. ಹಿದಾಯು ಶಿಕ್ಷಕಿಯಾಗಲು ಪಡೆಯುತ್ತಿದ್ದ ತರಬೇತಿ ಮುಗಿಯಲು ಇನ್ನೂ ಒಂದು ವರ್ಷವಿತ್ತು.

"ಆ ಒಂದು ವರ್ಷ ಮೈಕಿನೋನು ಕೇಳ್ತಾನಾ ಅಮ್ಮಾ? ಅವನು ದುಡ್ಡು ತಗೊಂಡು ಹೂವು, ಚಿಟ್ಟೆ ಅಂತ ಹಾಡಿ ಹೋಗ್ತಾನೆ. ನನಗೆ ನಮ್ಮ ದೊಡ್ಡತ್ತೆ ಮಾಕ್ ಲಾಂಗೇ ಬೇಕು."

"ಮತ್ತೆ ಮಲಗಿಬಿಟ್ರೆ?"

"ಮಾವ ಪಕ್ಕದಲ್ಲಿ ಕೂತು ಚಿವುಟಲಿ."

"ಅದಕ್ಕೆ ನಾನು ತಯಾರು," ಎಂದ ದಹಲಾನ್, ಬೇಕಾದುದಕ್ಕಿಂತ ಹೆಚ್ಚು ಉತ್ಸಾಹದಿಂದ.

ಹೀಗೆ ಚಾಪೆ ಸಲ್ಬಿಯಾಳಿಗೆ ಉಳಿಯಿತು, ಆದರೆ ಷರತ್ತಿನ ಮೇಲೆ. ಈ ಸಲ ತಪ್ಪಿದರೆ ಮದುವೆಗೂ ಮುಂದಿನ ಎಲ್ಲ ಮದುವೆಗಳಿಗೂ ಇಪೋದ ಮೈಕೇ. ಅವಳು ಮರುದಿನವೇ ಕ್ಲಿನಿಕ್ಕಿಗೆ ನಡೆದಳು.

ಅಲ್ಲಿನ ಹಿರಿಯ ನರ್ಸು ಕೋಮಳಂ. ಊರಿಗೆಲ್ಲ ಅವಳು ಮಿಸ್ಸಿ. ರಕ್ತದ ವರದಿ ನೋಡಿ ಮಿಸ್ಸಿ ಕನ್ನಡಕ ತೆಗೆದಳು.

"ಮಾತ್ರೆ ನುಂಗ್ತಿದ್ದೀರೋ, ಬೆಕ್ಕಿಗೆ ಹಾಕ್ತಿದ್ದೀರೋ?"

"ದಿನಾ ನುಂಗ್ತೀನಿ. ಅಲ್ಲಾನ ಆಣೆ."

"ಖಾಲಿ ಹೊಟ್ಟೇಲಿ?"

"ಪೂರ್ತಿ ಖಾಲಿ. ಬೆಳಗಿನ ನಮಾಜು ಮುಗಿಸಿ, ಹಾಲು ಹಾಕಿದ ಚಹಾ ಕುಡಿದು, ಎರಡು ಬಾಳೆಹಣ್ಣಿನ ಬೋಂಡಾ, ಒಂದಿಷ್ಟು ಅಂಟಕ್ಕಿ ಕಡುಬು. ಆಮೇಲೆ ಮಾತ್ರೆ. ಆಮೇಲೇ ಅನ್ನ."

ಮಿಸ್ಸಿ ವರದಿಯನ್ನು ಮೇಜಿನ ಮೇಲಿಟ್ಟಳು. "ಇದು ಖಾಲಿ ಹೊಟ್ಟೆಯಾ?"

"ಅನ್ನ ಇನ್ನೂ ಹೋಗಿಲ್ವಲ್ಲ ಮಿಸ್ಸಿ!"

ಸಲ್ಬಿಯಾ ತಮಾಷೆ ಮಾಡುತ್ತಿರಲಿಲ್ಲ. ಆ ಸೀಮೆಯಲ್ಲಿ ಅನ್ನ ಬೀಳದ ಹೊಟ್ಟೆ ಖಾಲಿಯೇ. ಅರ್ಧ ಸೇರು ಬೋಂಡಾ ತಿಂದವನೂ "ಬೆಳಗಿನಿಂದ ಏನೂ ತಿಂದಿಲ್ಲ" ಎನ್ನುತ್ತಾನೆ, ಕೇಳಿದವರು ಅಯ್ಯೋ ಎನ್ನುತ್ತಾರೆ. ಡಾಕ್ಟರು ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ಅವನು ಕೌಲಾಲಂಪುರದವನು, ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.

"ಹಾಲು, ಬೋಂಡಾ ಎಲ್ಲ ಸೇರ್ಕೊಂಡು ಮಾತ್ರೇನ ಬಾಗಿಲಲ್ಲೇ ತಡೀತಿವೆ," ಎಂದಳು ಮಿಸ್ಸಿ. "ಎದ್ದ ಕೂಡಲೇ ಬರೀ ನೀರಲ್ಲಿ ನುಂಗಿ. ಆಮೇಲೆ ಒಂದು ಗಂಟೆ ಬಾಯಿಗೆ ಏನೂ ಬೀಳಬಾರದು. ಚಹಾನೂ ಇಲ್ಲ. ಪ್ರಮಾಣ ಎಷ್ಟು ಬೇಕು ಅಂತ ಡಾಕ್ಟರು ಇವತ್ತೇ ನೋಡಿ ಹೇಳ್ತಾರೆ, ಆಮೇಲೆ ಮತ್ತೆ ರಕ್ತ ಕೊಡಿ. ಗುಣ ಕಾಣೋಕೆ ವಾರಗಳೇ ಹಿಡೀತವೆ, ಮೊದಲೇ ಹೇಳಿದೀನಿ."

ರಂಜಾನಿನಲ್ಲಿ ಹಗಲಿಡೀ ಉಪವಾಸವಿರುವ ಹೆಂಗಸಿಗೆ ಈ ಒಂದು ಗಂಟೆ ತಡೆಯಲಾಗಲಿಲ್ಲ. ಅಲ್ಲಾನಿಗಾಗಿ ಹಸಿವು ಕಟ್ಟುವುದು ಬೇರೆ, ಒಂದು ಗುಂಡುಸೂಜಿ ತಲೆಯಷ್ಟಿರುವ ಮಾತ್ರೆಗಾಗಿ ಕಟ್ಟುವುದು ಬೇರೆ. ಅವಳು ಮೆಟ್ಟಿಲ ಮೇಲೆ ಕೂತು ಗಡಿಯಾರವನ್ನು ಬೈಯುತ್ತಿದ್ದಳು. ದಹಲಾನ್ ಅವಳೆದುರಿಗೇ ಕೂತು ಬೋಂಡಾವನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ.

"ಅಬಾಂಗ್, ನರಕದಲ್ಲಿ ನಿನಗೆ ಬೇರೆ ಕೋಣೆ ಇದೆ."

"ಅಲ್ಲಿ ಫ್ಯಾನು ಇರುತ್ತಾ ಬಿಯಾ?"

ಈ ಜಗಳದ ಬಿಸಿಯಲ್ಲಿ ಅವಳು ಹಳೆಯ ಪದ್ಯಗಳನ್ನು ಉರು ಹೊಡೆದಳು, ಹೊಸವನ್ನು ಕಟ್ಟಿದಳು. ನಿಶ್ಚಿತಾರ್ಥದ ಹೊತ್ತಿಗೆ ನಿದ್ದೆ ಸ್ವಲ್ಪ ದೂರ ಸರಿದಿತ್ತು. ದನಿ ಮಾತ್ರ ಇನ್ನೂ ಗಂಜಿಯೊಳಗೇ ಇತ್ತು, ನೆನಪು ಆಗಾಗ ಕೈಕೊಡುತ್ತಿತ್ತು.

ಆ ದಿನ ಗಂಡಿನ ಕಡೆಯಿಂದ ಮಾತಾಡಲು ಬಂದವನು ಹಾಜಿ ಬದ್ರುಲ್, ಮೀಸೆಗೆ ಎಣ್ಣೆ ಹಚ್ಚಿದ ಮನುಷ್ಯ. ಹಿತ್ತಾಳೆಯ ಎಲೆ ಪೆಟ್ಟಿಗೆಯನ್ನು ಸಲ್ಬಿಯಾಳ ಮುಂದಕ್ಕೆ ತಳ್ಳಿದ. ಹೆಣ್ಣಿನ ಕಡೆಯವರು ಅದರ ಮುಚ್ಚಳ ತೆರೆದು ಒಂದು ವೀಳ್ಯದೆಲೆ ಬಾಯಿಗಿಟ್ಟರೆ ಮಾತು ಒಪ್ಪಿತವಾದಂತೆ. ತೆರೆಯದಿದ್ದರೆ ಬಂದವರು ತಂದ ಉಡುಗೊರೆಯ ತಟ್ಟೆಗಳನ್ನು ಹೊತ್ತುಕೊಂಡು ವಾಪಸು ಹೋಗಬೇಕು. ಬದ್ರುಲ್ ಗಂಟಲು ಸರಿಮಾಡಿಕೊಂಡ.

"ಹೊಳೆಯ ದಾಟಿ ದೋಣಿ ಬಂತು,
ಹುಟ್ಟಿನ ತುದಿಗೆ ಕಮಲ ಅಂಟಿ;
ಬೆಳೆದ ತೋಟ ನೋಡಿ ನಿಂತು
ಕೇಳುತೀವಿ, ಹೂವು ಒಂಟಿ?"

ಸಲ್ಬಿಯಾ ನಿಧಾನವಾಗಿ, ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಹೇಳಿದಳು:

"ಬಾಳೆಯೆಲೆಗೆ ಬಿಸಿಯು ತಾಕಿ
ಬಾಗಿತಷ್ಟೆ, ಹರಿಯಲಿಲ್ಲ;
ಬೇಲಿ ಸುತ್ತ ಮುಳ್ಳು ಹಾಕಿ
ಬೆಳೆದ ಹೂವ ಮುಡಿದೋರಿಲ್ಲ."

ರುಸ್ನಾನಿ ಪರದೆಯ ಹಿಂದೆ ಉಸಿರು ಬಿಟ್ಟಳು. ಬದ್ರುಲ್ ವಿಷಯಕ್ಕೆ ಬಂದ.

"ದುರಿಯನ್ ಬಿತ್ತು ಮರದ ಕೆಳಗೆ,
ಕಾದು ಕೂತ್ರೆ ಅಳಿಲ ಪಾಲು;
ಮದುವೆಯಾಗ್ಲಿ ಉಪವಾಸದೊಳಗೆ,
ತಡ ಮಾಡಿದರೆ ಒಡೆವುದು ಹಾಲು."

ಇದಕ್ಕೆ ಅವಳ ಬಳಿ ಉತ್ತರವಿತ್ತು. ಒಂದು ವರ್ಷ ಕೇಳುವ ಪದ್ಯ, ಮೆಟ್ಟಿಲ ಮೇಲೆ ಹಸಿದು ಕೂತು ಕಟ್ಟಿದ್ದು. ಎಲೆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟು ಆರಂಭಿಸಿದಳು:

"ಭತ್ತ ಹಾಲು ಕಟ್ಟುವಾಗ
ಗಿಣಿಗೆ ಬಂತು ಭಾರಿ ಅವಸರ..."

ಅಲ್ಲಿಗೆ ನಿಂತಿತು. ಮೂರನೆಯ ಸಾಲು ಇರಲಿಲ್ಲ. ಅದು ಇದ್ದ ಜಾಗವೂ ಇರಲಿಲ್ಲ. ಅವಳು ಒಳಗೊಳಗೇ ಹುಡುಕಿದಳು; ಮುಚ್ಚಳದ ಮೇಲಿನ ಕೈ ಹಾಗೇ ಉಳಿಯಿತು. ಚಾವಡಿಯಲ್ಲಿ ಯಾರೋ ಕೆಮ್ಮಿದರು. ಗಂಡಿನ ತಾಯಿ ಪೆಟ್ಟಿಗೆಯನ್ನು ನೋಡಿದಳು, ಬದ್ರುಲ್‌ನನ್ನು ನೋಡಿದಳು.

ನಿದ್ದೆಯೇ ಬಂತೆಂದು ತಿಳಿದ ದಹಲಾನ್ ಕರ್ತವ್ಯ ನೆನೆದು ಬಲವಾಗಿ ಚಿವುಟಿದ. ಸಲ್ಬಿಯಾ ಬಾಯಿ ತೆರೆಯಲಿಲ್ಲ. ತಲೆ ಮಾತ್ರ ಮೆಲ್ಲನೆ ಎತ್ತಿದಳು. ಆ ದಿನ ಸಂಭ್ರಮವೆಂದು ಹುಬ್ಬನ್ನು ತುಸು ಮೇಲೆಯೇ ಬರೆದುಕೊಂಡಿದ್ದಳು. ನೋವಿಗೆ ಕಣ್ಣು ದೊಡ್ಡದಾಗಿ, ದೃಷ್ಟಿ ನೆಟ್ಟಗೆ ಬದ್ರುಲ್‌ನ ಮೀಸೆಯ ಮೇಲೆ ಹೋಗಿ ನಿಂತಿತು.

"ಅವಸರ ಅಂದದ್ದು ನಮಗೇ," ಎಂದು ಗಂಡಿನ ತಾಯಿ ಪಿಸುಗುಟ್ಟಿದಳು. ಪಿಸುಮಾತು ಎಲ್ಲರಿಗೂ ಕೇಳಿತು. "ನಾವು ಗಿಣಿಗಳಂತೆ. ಸಿಟ್ಟಾಗಿದ್ದಾರೆ. ಪೆಟ್ಟಿಗೆ ತೆರೀತಿಲ್ಲ ನೋಡು ಹಾಜಿ, ಏನಾದ್ರೂ ಹೇಳು!"

ಬದ್ರುಲ್ ಸಲ್ಬಿಯಾಳ ಕಡೆ ಬಾಗಿ, ಪದ್ಯ ಮರೆತು ಗದ್ಯಕ್ಕೆ ಇಳಿದ. "ಹಾಗಲ್ಲ ಕಾಕ್. ಉಪವಾಸಕ್ಕೆ ಮುಂಚೆಯೇ ಅಂತೇನಿಲ್ಲ. ಹಬ್ಬ ಆದ್ಮೇಲೂ ಆಗುತ್ತೆ."

ಸಲ್ಬಿಯಾ ಮೂರನೆಯ ಸಾಲನ್ನು ಹುಡುಕುತ್ತಲೇ ಇದ್ದಳು.

"ಆರು ತಿಂಗಳು?" ಎಂದ ಬದ್ರುಲ್.

ಮೌನ.

"ಹುಡುಗಿ ಓದು ಮುಗಿಸಲಿ ಬಿಡಿ!" ಎಂದು ಗಂಡಿನ ತಾಯಿಯೇ ಕೂಗಿದಳು. "ಒಂದು ವರ್ಷ! ಕಾಯ್ತೀವಿ!"

ಸಲ್ಬಿಯಾ ಮುಚ್ಚಳ ತೆರೆದು ಎಲೆ ಬಾಯಿಗಿಟ್ಟಳು. ಪರದೆಯ ಹಿಂದೆ ಹಿದಾಯು ಕುಣಿದದ್ದು ಚಾವಡಿಯ ಹಲಗೆ ಅದುರಿದ್ದರಿಂದ ಎಲ್ಲರಿಗೂ ತಿಳಿಯಿತು.

ಊಟದ ಹೊತ್ತಿಗೆ ಬದ್ರುಲ್ ತನ್ನ ತಟ್ಟೆ ಹಿಡಿದುಕೊಂಡು ಅವಳ ಹತ್ತಿರ ಬಂದ. "ಇಷ್ಟು ವರ್ಷದಲ್ಲಿ ಮಾತಿಗೆ ಸೋತಿದ್ದೀನಿ, ಮೌನಕ್ಕೆ ಸೋತದ್ದು ಇದೇ ಮೊದಲು. ಯಾರ ಹತ್ರ ಕಲಿತ್ರಿ?"

"ಕಲಿತದ್ದಲ್ಲ ಹಾಜಿ, ಮರೆತದ್ದು. ಥೈರಾಯ್ಡು."

ಅವನು ಹೊಟ್ಟೆ ಹಿಡಿದು ನಕ್ಕ. ನಂಬಲಿಲ್ಲ. ಕಾಯಿಲೆಗೆ ಇಂಥ ಕೀರ್ತಿ ಸಲ್ಲಬಾರದು. ಅದು ಕಿತ್ತುಕೊಂಡದ್ದೇ ಹೆಚ್ಚು, ಆ ದಿನ ಅಕಸ್ಮಾತ್ತಾಗಿ ಒಂದಿಷ್ಟು ಹಿಂದಕ್ಕೆ ಕೊಟ್ಟಿತು, ಅಷ್ಟೆ. ಸಲ್ಬಿಯಾಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮರುದಿನವೂ ಬರಿಯ ನೀರಿನಲ್ಲಿ ಮಾತ್ರೆ ನುಂಗಿ ಮೆಟ್ಟಿಲ ಮೇಲೆ ಕೂತಳು.

ಆ ಹೊತ್ತಿಗೇ ರುಸ್ನಾನಿ ಬಂದಳು. ಇಪೋದವನ ಹೆಸರೆತ್ತಲಿಲ್ಲ.

"ಕಾಕ್ ಲಾಂಗ್, ಮದುವೆಗೂ ನೀವೇ. ಆದ್ರೆ ಒಂದು ಮಾತು. ಅಷ್ಟರಲ್ಲಿ ಪೂರ್ತಿ ಗುಣ ಆಗಿಬಿಡಬೇಡಿ."

"ಒಂದು ಗಂಟೆ ಆಗಲಿ, ಉತ್ತರ ಹೇಳ್ತೀನಿ," ಎಂದಳು ಸಲ್ಬಿಯಾ. "ಚಹಾ ಇಲ್ಲದೆ ನಾನು ಯಾರನ್ನೂ ಬೈಯೋದಿಲ್ಲ, ನನ್ನ ಗಂಡನ್ನ ಬಿಟ್ಟು."